ಎದುರಾಳಿಗೆ ಬಿಡಿ ಕಷ್ಟದ ನಿರ್ಧಾರ: ಟೂರ್ನಮೆಂಟ್ ಪೋಕರ್‌ನಲ್ಲಿ ಬೆಟ್ ಇಡುವ ಬಗೆ

ಎಲ್ಲರಿಗೂ ನಮಸ್ಕಾರ. ಒಂದು ಲೆಕ್ಕದಿಂದಲೇ ಶುರು ಮಾಡುತ್ತೇನೆ. ಪೋಕರ್ ಟೂರ್ನಮೆಂಟ್ ಒಂದರಲ್ಲಿ ನಾಲ್ಕು ಜನ ಉಳಿದಿದ್ದಾರೆ. ಬಹುಮಾನ ಮೂರು ಜನಕ್ಕೆ ಮಾತ್ರ. ಮೊದಲನೆಯವರಿಗೆ 50 ಸಾವಿರ, ಎರಡನೆಯವರಿಗೆ 30 ಸಾವಿರ, ಮೂರನೆಯವರಿಗೆ 20 ಸಾವಿರ. ನಾಲ್ಕೂ ಜನರ ಮುಂದೆ ಸಮಸಮ ಚಿಪ್ ಇದೆ. ನಿಮ್ಮ ಕೈಗೆ ಎಕ್ಕ ಮತ್ತು ರಾಜ ಬಂದಿದೆ. ನಿಮಗಿಂತ ಮೊದಲೇ ಒಬ್ಬರು ತಮ್ಮ ಚಿಪ್ಪೆಲ್ಲ ಮುಂದೆ ತಳ್ಳಿ ಆಲ್-ಇನ್ ಎಂದರು. ಅಷ್ಟೇ ಚಿಪ್ ಇಟ್ಟು ಕಾಲ್ ಮಾಡುತ್ತೀರಾ, ಎಲೆ ಬಿಡುತ್ತೀರಾ?

ಕಾಲ್ ಅಂತ ತುಂಬಾ ಜನ ಕೈ ಎತ್ತಿದಿರಿ. ಸಹಜವೇ. ಎಕ್ಕ-ರಾಜ ನೋಡಲು ಅಷ್ಟು ಚೆನ್ನಾಗಿರುತ್ತದೆ. ಆದರೆ ಇಲ್ಲಿ ಎಲೆ ಬಿಡುವುದೇ ಸರಿ. ಅದು ಯಾಕೆ ಎಂದು ಹೇಳುವುದಕ್ಕೇ ಇವತ್ತು ಬಂದಿದ್ದೇನೆ.

ನಾನು ಹೇಳುತ್ತಿರುವುದು ಹೋಲ್ಡೆಮ್ ಎಂಬ ಪೋಕರ್ ಬಗೆ. ಅದು ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿ ಆಟಗಾರರಿಗೂ ಎರಡೆರಡು ಮುಚ್ಚಿದ ಎಲೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಅವು ಒಟ್ಟಿಗೆ ಬರುವುದಿಲ್ಲ. ಮೊದಲು ಮೂರು, ಅದು ಫ್ಲಾಪ್. ಆಮೇಲೆ ಒಂದು, ಅದು ಟರ್ನ್. ಕೊನೆಗೆ ಇನ್ನೊಂದು, ಅದು ರಿವರ್. ಎಲೆ ಹಂಚಿದ ಕೂಡಲೇ ಒಂದು ಸುತ್ತು ಬೆಟ್, ಆಮೇಲೆ ಈ ಮೂರು ಹಂತಗಳಲ್ಲೂ ಒಂದೊಂದು ಸುತ್ತು. ಏಳು ಎಲೆಗಳಲ್ಲಿ ಒಳ್ಳೆಯ ಐದನ್ನು ಜೋಡಿಸಿದವರಿಗೆ ಪಾಟ್, ಅಂದರೆ ಎಲ್ಲರೂ ಇಟ್ಟ ಚಿಪ್ಪಿನ ರಾಶಿ. ಇಲ್ಲವೇ, ಉಳಿದವರೆಲ್ಲ ಎಲೆ ಬಿಟ್ಟರೆ, ಕೈಯಲ್ಲಿ ಏನೇ ಇದ್ದರೂ ಕೊನೆಗೆ ಉಳಿದ ಒಬ್ಬರಿಗೆ ಪಾಟ್. ತೀನ್ ಪತ್ತಿ ಆಡಿದವರಿಗೆ ಈ ಎರಡನೆಯ ದಾರಿ ಚೆನ್ನಾಗಿ ಗೊತ್ತು. ನನ್ನ ಮಾತೆಲ್ಲ ಇವತ್ತು ಆ ದಾರಿಯ ಸುತ್ತಲೇ.

ಈಗ ಲೆಕ್ಕಕ್ಕೆ ಬರೋಣ. ನಾಲ್ವರ ಚಿಪ್ ಸಮ ಇದ್ದಾಗ ಒಟ್ಟು ಬಹುಮಾನ 1 ಲಕ್ಷದಲ್ಲಿ ಪ್ರತಿಯೊಬ್ಬರ ಪಾಲಿನ ಬೆಲೆ 25 ಸಾವಿರ. ನೀವು ಕಾಲ್ ಮಾಡಿ ಗೆದ್ದರೆ ನಿಮ್ಮ ಚಿಪ್ ಎರಡು ಪಟ್ಟಾಗುತ್ತದೆ. ನಿಮ್ಮ ಪಾಲಿನ ಬೆಲೆಯೂ 50 ಸಾವಿರ ಆಯಿತಲ್ಲ ಅನಿಸುತ್ತದೆ, ಅಲ್ವಾ? ಆಗುವುದಿಲ್ಲ. ಅರ್ಧ ಚಿಪ್ ನಿಮ್ಮದಾದ್ದರಿಂದ ಮೊದಲ ಸ್ಥಾನ ಸಿಗುವ ಸಾಧ್ಯತೆ ಎರಡರಲ್ಲಿ ಒಂದು. ಎರಡನೆಯ ಸ್ಥಾನ ಮೂರರಲ್ಲಿ ಒಂದು. ಮೂರನೆಯದು ಆರರಲ್ಲಿ ಒಂದು. ಬಹುಮಾನಗಳಿಗೆ ಇವನ್ನು ಗುಣಿಸಿ ಕೂಡಿದರೆ ಬರುವುದು ಸುಮಾರು 38,330. ಅಂದರೆ ನೀವು ಪಣಕ್ಕಿಟ್ಟದ್ದು 25 ಸಾವಿರ. ಗಳಿಸಬಹುದಾದದ್ದು 13 ಸಾವಿರ ಚಿಲ್ಲರೆ. ಈ ಕಾಲ್ ನಷ್ಟವಾಗದೆ ಇರಬೇಕಾದರೆ ನೀವು ನೂರಕ್ಕೆ 65 ಸಲಕ್ಕಿಂತ ಜಾಸ್ತಿ ಗೆಲ್ಲಬೇಕು. ಲೆಕ್ಕ ಸುಲಭವಾಗಲಿ ಅಂತ ಬ್ಲೈಂಡ್ ಎಂಬ ಕಡ್ಡಾಯದ ಪಣವನ್ನು ಇಲ್ಲಿ ಬಿಟ್ಟಿದ್ದೇನೆ. ಅದನ್ನು ಸೇರಿಸಿದರೆ ಅಂಕಿ ಸ್ವಲ್ಪ ಇಳಿಯುತ್ತದೆ, ಮಾತು ಬದಲಾಗುವುದಿಲ್ಲ.

ಎಕ್ಕ-ರಾಜ ನೂರಕ್ಕೆ 65 ಸಲ ಗೆಲ್ಲುತ್ತದೆಯೇ? ಎದುರಾಳಿ ಎಲೆಯನ್ನೇ ನೋಡದೆ ಆಲ್-ಇನ್ ಹೋಗುವವರಾದರೆ, ಬೇರೆ ಬೇರೆ ಜಾತಿಯ ಎಕ್ಕ-ರಾಜ ಗೆಲ್ಲುವುದು ಸುಮಾರು 65 ಸಲ. ಅಲ್ಲಿಗೆ ಬರೀ ಸರಿಸಮ. ಎದುರಾಳಿಯ ಕೈಯಲ್ಲಿ ರಾಣಿಯ ಜೋಡಿ ಇದ್ದರೆ ಗೆಲ್ಲುವುದು 43 ಸಲ. ಎಲೆ ನೋಡದೆ ಆಲ್-ಇನ್ ಹೋಗುವವರು ಅಲ್ಲಿ ಯಾರೂ ಇರುವುದಿಲ್ಲ. ಹಾಗಾಗಿ ಎಲೆ ಬಿಡಬೇಕು.

ಈ ಲೆಕ್ಕದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಬೇರೆಯೇ ಒಂದು ಅಂಕಿ. ನೀವಿಬ್ಬರೂ ಆಲ್-ಇನ್ ಹೋಗಿ ಒಬ್ಬರು ಹೊರಗೆ ಬಿದ್ದರು ಅನ್ನಿ. ಪಕ್ಕದಲ್ಲಿ ಸುಮ್ನೆ ಕೂತಿದ್ದ ಇನ್ನಿಬ್ಬರ ಪಾಲು 25 ಸಾವಿರದಿಂದ 30,830ಕ್ಕೆ ಏರಿತು. ಅವರು ಒಂದು ಚಿಪ್ಪೂ ಇಟ್ಟಿರಲಿಲ್ಲ. ನಿಮ್ಮಿಬ್ಬರ ಜಗಳದಲ್ಲಿ ಕಳೆದುಹೋದ ಹಣ ಅವರಿಗೆ ಹೋಯಿತು. ಟೂರ್ನಮೆಂಟಿನಲ್ಲಿ ಸಮಬಲದ ಇಬ್ಬರು ಡಿಕ್ಕಿ ಹೊಡೆದರೆ ಇಬ್ಬರಿಗೂ ಸೇರಿ ನಷ್ಟ. ಇದನ್ನು ಮನಸ್ಸಿಗೆ ತಂದುಕೊಂಡ ಮೇಲೆ ನಿಮ್ಮ ಆಟ ಮೊದಲಿನಂತೆ ಇರುವುದಿಲ್ಲ.

ಈ ಲೆಕ್ಕಕ್ಕೆ ಪೋಕರ್ ಜನ ಐಸಿಎಂ, ಅಂದರೆ ಇಂಡಿಪೆಂಡೆಂಟ್ ಚಿಪ್ ಮಾಡೆಲ್, ಎನ್ನುತ್ತಾರೆ. ಇದರ ಬೇರು ಇರುವುದು ಕುದುರೆ ರೇಸಿನಲ್ಲಿ. 1973ರಲ್ಲಿ ಡೇವಿಡ್ ಹಾರ್ವಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು, ಪ್ರತಿ ಕುದುರೆ ಮೊದಲು ಬರುವ ಸಾಧ್ಯತೆ ಗೊತ್ತಿದ್ದರೆ ಎರಡನೆಯ, ಮೂರನೆಯ ಸ್ಥಾನದ ಸಾಧ್ಯತೆ ಲೆಕ್ಕ ಹಾಕುವುದು ಹೇಗೆ ಎಂದು ತೋರಿಸಿದರು. 1987ರಲ್ಲಿ ಮೇಸನ್ ಮಾಲ್ಮತ್ ಅದನ್ನೇ ಪೋಕರ್ ಚಿಪ್‌ಗೆ ಹೊಂದಿಸಿದರು. ದುಡ್ಡಿನ ಮೇಜಿನಲ್ಲಿ, ಅಂದರೆ ಕ್ಯಾಶ್ ಗೇಮಿನಲ್ಲಿ, ಇದು ಬೇಕಾಗುವುದಿಲ್ಲ. ಅಲ್ಲಿ ನೂರು ರೂಪಾಯಿ ಚಿಪ್ ಅಂದರೆ ನೂರು ರೂಪಾಯಿ. ಎದ್ದು ಹೋಗುವಾಗ ಬದಲಿಸಿಕೊಳ್ಳಬಹುದು. ಟೂರ್ನಮೆಂಟಿನ ಚಿಪ್ಪನ್ನು ಯಾರೂ ಬದಲಿಸಿಕೊಡುವುದಿಲ್ಲ. ಕಳೆದುಕೊಳ್ಳುವ ಚಿಪ್ಪಿಗೆ ಅಲ್ಲಿ ಗೆಲ್ಲುವ ಚಿಪ್ಪಿಗಿಂತ ಬೆಲೆ ಜಾಸ್ತಿ.

ಹಾಗಾದರೆ ಕೈಕಟ್ಟಿ ಕೂರಬೇಕೇ? ಇಲ್ಲ. ತುಂಬಾ ಜನ ಈ ಲೆಕ್ಕ ಕಲಿತು ಅಲ್ಲೇ ದಾರಿ ತಪ್ಪುತ್ತಾರೆ. ಚಿಪ್ ಅಮೂಲ್ಯ ಅಂತ ಹೆದರಿ ಕೂತು, ಬ್ಲೈಂಡ್ ಕಟ್ಟಿ ಕಟ್ಟಿಯೇ ಕರಗಿ ಹೋಗುತ್ತಾರೆ. ನಾನು ಇದರಿಂದ ತೆಗೆಯುವ ಅರ್ಥವೇ ಬೇರೆ. 65 ಸಲ ಗೆಲ್ಲಬೇಕು ಎಂಬ ಭಾರ ಕಾಲ್ ಮಾಡುವವರ ಮೇಲಿದೆ. ಮೊದಲು ಚಿಪ್ ತಳ್ಳಿದವರಿಗೆ ಎರಡು ದಾರಿ: ಎದುರಾಳಿ ಎಲೆ ಬಿಟ್ಟರೆ ಗೆಲುವು, ಬಿಡದಿದ್ದರೂ ಎಲೆ ಒಳ್ಳೆಯದು ಬಂದರೆ ಗೆಲುವು. ಕಾಲ್ ಮಾಡಿದವರಿಗೆ ಎರಡನೆಯದು ಒಂದೇ. ಅದೇ ಎಕ್ಕ-ರಾಜ ಇಟ್ಟುಕೊಂಡು ನೀವೇ ಮೊದಲು ಆಲ್-ಇನ್ ಹೋಗಿದ್ದರೆ, ಆ 65ರ ಲೆಕ್ಕ ಎದುರಾಳಿಯ ತಲೆ ತಿನ್ನುತ್ತಿತ್ತು.

ಇದನ್ನು ಒಂದು ಕೈಯಲ್ಲಿ, ಅಂದರೆ ಒಂದು ಸಲ ಎಲೆ ಹಂಚಿ ಆಡುವ ಆಟದಲ್ಲಿ, ತೋರಿಸುತ್ತೇನೆ. ನಿಮ್ಮ ಎರಡೂ ಎಲೆ ಹಾರ್ಟ್. ಫ್ಲಾಪ್‌ನಲ್ಲಿ ಇನ್ನೆರಡು ಹಾರ್ಟ್ ಬಂದಿವೆ. ಇನ್ನೊಂದು ಬಂದರೆ ಫ್ಲಶ್, ಅಂದರೆ ಐದು ಎಲೆಯೂ ಒಂದೇ ಜಾತಿ. ಪ್ಯಾಕಿನಲ್ಲಿ ಒಂಬತ್ತು ಹಾರ್ಟ್ ಉಳಿದಿವೆ. ರಿವರ್ ತನಕ ಎರಡು ಎಲೆ ಬರುವುದರಲ್ಲಿ ಅದು ಸಿಗುವುದು ನೂರಕ್ಕೆ 35 ಸಲ. ಪಾಟ್‌ನಲ್ಲಿ 10 ಸಾವಿರ ಚಿಪ್. ನಿಮ್ಮಿಬ್ಬರ ಹತ್ತಿರವೂ ಉಳಿದದ್ದು ಹತ್ತತ್ತು ಸಾವಿರ.

ಎದುರಾಳಿ ಮೊದಲು ಆಲ್-ಇನ್ ಹೋದರು, ನೀವು ಕಾಲ್ ಮಾಡಿದಿರಿ. 35 ಸಲ 20 ಸಾವಿರ ಗೆಲ್ಲುತ್ತೀರಿ, 65 ಸಲ 10 ಸಾವಿರ ಕಳೆದುಕೊಳ್ಳುತ್ತೀರಿ. ಸರಾಸರಿ ಲಾಭ 500 ಚಿಪ್. ಈಗ ಅದೇ ಎಲೆ, ಅದೇ ಪಾಟ್. ಆದರೆ ನೀವು ಮೊದಲು ಆಲ್-ಇನ್ ಹೋದಿರಿ. ನೂರಕ್ಕೆ 40 ಸಲ ಎದುರಾಳಿ ಎಲೆ ಬಿಡುತ್ತಾರೆ ಅಂತ ಇಟ್ಟುಕೊಳ್ಳೋಣ. ಆಗ ಸರಾಸರಿ ಲಾಭ 4,300. ಸುಮ್ನೆ ಹಿಗ್ಗಿಸಿ ಹೇಳಬಾರದು. ಕಾಲ್ ಬಂದಾಗ ಎದುರಾಳಿಯ ಕೈ ಗಟ್ಟಿಯೇ ಇರುತ್ತದೆ, ನಿಮ್ಮ 35 ಸ್ವಲ್ಪ ಇಳಿಯುತ್ತದೆ. 30 ಅಂತಲೇ ಹಿಡಿಯಿರಿ, ಆಗಲೂ 3,400 ಉಳಿಯುತ್ತದೆ. ಒಂದೇ ಎಲೆ, ಒಂದೇ ಚಿಪ್. ಯಾರು ಮೊದಲು ಇಟ್ಟರು ಅನ್ನುವುದು ಒಂದೇ ವ್ಯತ್ಯಾಸ.

ಎಷ್ಟು ಇಡಬೇಕು ಎಂಬ ಪ್ರಶ್ನೆ ಆಮೇಲಿನದು. ಅದಕ್ಕೆ ಮೂರು ಅಂಕಿ ಬಾಯಿಪಾಠ ಇದ್ದರೆ ಸಾಕು. ಪಾಟ್‌ನ ಮೂರನೇ ಒಂದು ಭಾಗ ಬೆಟ್ ಇಟ್ಟರೆ, ಎದುರಾಳಿ ನಾಲ್ಕು ಸಲದಲ್ಲಿ ಒಂದು ಸಲ ಎಲೆ ಬಿಟ್ಟರೂ ನಿಮ್ಮ ಬ್ಲಫ್‌ಗೆ, ಅಂದರೆ ಕೈ ಖಾಲಿ ಇದ್ದೂ ಹೆದರಿಸಲು ಇಡುವ ಬೆಟ್‌ಗೆ, ನಷ್ಟವಿಲ್ಲ. ಅರ್ಧ ಪಾಟ್ ಇಟ್ಟರೆ ಮೂರರಲ್ಲಿ ಒಂದು ಸಲ. ಪೂರ್ತಿ ಪಾಟ್ ಇಟ್ಟರೆ ಎರಡರಲ್ಲಿ ಒಂದು ಸಲ. ದೊಡ್ಡ ಬೆಟ್‌ಗೆ ಹೆಚ್ಚು ಜನ ಹೆದರುತ್ತಾರೆ, ಆದರೆ ಅದು ಹೆಚ್ಚು ಸಲ ಫಲಿಸಬೇಕು ಕೂಡ.

ಮೂರನೇ ಒಂದು ಭಾಗದ ಬೆಟ್ ನೋಡಿ ಕೆಲವರು ಮೂಗು ಮುರಿಯುತ್ತಾರೆ. ನನಗೆ ಅದು ತುಂಬಾ ಇಷ್ಟ. ನೀವು ಮೊದಲ ಸುತ್ತಿನಲ್ಲಿ ರೈಸ್ ಮಾಡಿದ್ದೀರಿ, ಅಂದರೆ ಪಣ ಏರಿಸಿದ್ದೀರಿ. ಬಿಗ್ ಬ್ಲೈಂಡ್‌ನಲ್ಲಿರುವವರು, ಅಂದರೆ ಎರಡು ಕಡ್ಡಾಯ ಪಣಗಳಲ್ಲಿ ದೊಡ್ಡದನ್ನು ಕಟ್ಟಿದವರು, ಮಾತ್ರ ಕಾಲ್ ಮಾಡಿದ್ದಾರೆ. ಫ್ಲಾಪ್‌ನಲ್ಲಿ ರಾಜ, ಏಳು, ಎರಡು. ಮೂರೂ ಬೇರೆ ಜಾತಿ. ಜೋಡಿಯಿಲ್ಲದ ಎರಡು ಎಲೆಗೆ ಫ್ಲಾಪ್‌ನಲ್ಲಿ ಜೋಡಿ ಸಿಗುವುದು ಸುಮಾರು ಮೂರು ಸಲಕ್ಕೆ ಒಂದು ಸಲ. ಇಂಥ ಒಣ ಫ್ಲಾಪ್‌ನಲ್ಲಿ ಫ್ಲಶ್‌ಗೆ, ಸ್ಟ್ರೈಟ್‌ಗೆ (ಸಾಲಾಗಿ ಬರುವ ಐದು ಎಲೆಗೆ) ಕಾಯುವ ಎಲೆಗಳೂ ಇಲ್ಲ. ಚಿಕ್ಕ ಬೆಟ್ ಸಾಕು. ಅಲ್ಲಿ ಪೂರ್ತಿ ಪಾಟ್ ಇಟ್ಟರೆ, ಹೇಗೂ ಬಿಡುತ್ತಿದ್ದವರು ಬಿಡುತ್ತಾರೆ, ಬಿಡದವರು ಬಿಡುವುದಿಲ್ಲ. ನಿಮ್ಮ ಚಿಪ್ ಮಾತ್ರ ಜಾಸ್ತಿ ಹೋಗುತ್ತದೆ. ಮೊದಲ ಸುತ್ತಿನ ರೈಸ್ ಕೂಡ ಈಗ ಬಿಗ್ ಬ್ಲೈಂಡ್‌ನ ಎರಡು, ಎರಡೂಕಾಲು ಪಟ್ಟಿಗೆ ಇಳಿದಿರುವುದು ಇದೇ ಕಾರಣಕ್ಕೆ. ಹಿಂದೆ ಮೂರು ಪಟ್ಟು ಎಂಬುದೇ ರೂಢಿಯಾಗಿತ್ತು.

ಬೆಟ್ ಇಡಬಾರದ ಕೈಗಳೂ ಇವೆ. ರಿವರ್ ಬಂದಿದೆ, ನಿಮ್ಮದು ನಡುವಿನ ಜೋಡಿ. ಕೇಳಿಕೊಳ್ಳಬೇಕಾದದ್ದು ಇಷ್ಟೇ: ಇದಕ್ಕಿಂತ ಕಡಿಮೆ ಕೈ ನನಗೆ ಕಾಲ್ ಮಾಡುತ್ತದೆಯೇ? ಇದಕ್ಕಿಂತ ಒಳ್ಳೆಯ ಕೈ ಎಲೆ ಬಿಡುತ್ತದೆಯೇ? ಎರಡಕ್ಕೂ ಇಲ್ಲ ಎಂದಾದರೆ ಬೆಟ್ ಯಾಕೆ? ಚೆಕ್ ಮಾಡಿ, ಅಂದರೆ ಬೆಟ್ ಇಡದೆ, ಎಲೆ ತೋರಿಸಿ. ಗಟ್ಟಿ ಕೈಗೆ ಬೆಟ್, ಏನೂ ಇಲ್ಲದ ಕೆಲವು ಕೈಗಳಿಗೆ ಬೆಟ್, ನಡುವಿನದಕ್ಕೆ ಚೆಕ್. ಎಷ್ಟೋ ಆಟಗಾರರು ಇದನ್ನು ತಿರುಗಿಸಿ ಆಡುತ್ತಾರೆ. ನಡುವಿನ ಕೈಯನ್ನು ಕಾಪಾಡಿಕೊಳ್ಳಬೇಕು ಅಂತ ಬೆಟ್ ಇಟ್ಟು, ಗಟ್ಟಿ ಕೈಗೆ ಮಾತ್ರ ಕಾಲ್ ಸಿಕ್ಕಿಸಿಕೊಳ್ಳುತ್ತಾರೆ.

ಏನೂ ಇಲ್ಲದ ಕೈಯ ಬೆಟ್ ಅಂದ ಕೂಡಲೇ 2003ರ ಲಾಸ್ ವೇಗಸ್ ನೆನಪಾಗುತ್ತದೆ. ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಟೂರ್ನಮೆಂಟ್. ಪ್ರವೇಶ ಶುಲ್ಕ 10 ಸಾವಿರ ಡಾಲರ್, ಆಡಿದವರು 839 ಜನ. ಕೊನೆಗೆ ಉಳಿದವರು ಇಬ್ಬರು. ಒಬ್ಬರು ಸ್ಯಾಮಿ ಫರ್ಹಾ, ಪಳಗಿದ ವೃತ್ತಿಪರರು. ಇನ್ನೊಬ್ಬರು ಕ್ರಿಸ್ ಮನಿಮೇಕರ್, ಟೆನೆಸ್ಸಿಯ ಅಕೌಂಟೆಂಟ್. ಅವರು ಆನ್‌ಲೈನ್‌ನ ಒಂದು ಚಿಕ್ಕ ಟೂರ್ನಮೆಂಟ್ ಗೆದ್ದು ಅಲ್ಲಿಗೆ ಬಂದಿದ್ದರು.

ಮನಿಮೇಕರ್ ಕೈಯಲ್ಲಿ ಸ್ಪೇಡ್ ರಾಜ ಮತ್ತು ಹಾರ್ಟ್ ಏಳು. ಫರ್ಹಾ ಕೈಯಲ್ಲಿ ಸ್ಪೇಡ್ ರಾಣಿ ಮತ್ತು ಹಾರ್ಟ್ ಒಂಬತ್ತು. ಫ್ಲಾಪ್‌ನಲ್ಲಿ ಸ್ಪೇಡ್ ಒಂಬತ್ತು, ಡೈಮಂಡ್ ಎರಡು, ಸ್ಪೇಡ್ ಆರು. ಫರ್ಹಾಗೆ ಅಲ್ಲಿನ ದೊಡ್ಡ ಜೋಡಿ ಸಿಕ್ಕಿತು. ಇಬ್ಬರೂ ಚೆಕ್. ಟರ್ನ್‌ನಲ್ಲಿ ಸ್ಪೇಡ್ ಎಂಟು. ಫರ್ಹಾ 3 ಲಕ್ಷ ಚಿಪ್ ಬೆಟ್ ಇಟ್ಟರು. ಮನಿಮೇಕರ್ ಅದನ್ನು 8 ಲಕ್ಷಕ್ಕೆ ಏರಿಸಿದರು. ಫರ್ಹಾ ಕಾಲ್ ಮಾಡಿದರು. ರಿವರ್‌ನಲ್ಲಿ ಹಾರ್ಟ್ ಮೂರು. ಮನಿಮೇಕರ್‌ಗೆ ಫ್ಲಶ್ಶೂ ಇಲ್ಲ, ಸ್ಟ್ರೈಟೂ ಇಲ್ಲ, ಜೋಡಿಯೂ ಇಲ್ಲ. ಫರ್ಹಾ ಚೆಕ್ ಮಾಡಿದರು. ಮನಿಮೇಕರ್ ಆಲ್-ಇನ್ ಹೋದರು. ಫರ್ಹಾ ತುಂಬಾ ಹೊತ್ತು ಯೋಚಿಸಿ ಎಲೆ ಬಿಟ್ಟರು.

ಇದನ್ನು ಧೈರ್ಯದ ಕಥೆ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಕಣ್ಣಿಗೆ ಬೀಳುವುದು ಟರ್ನ್‌ನ ರೈಸ್. ಆ ಹೊತ್ತಿಗೆ ಮೇಜಿನ ಮೇಲೆ ಮೂರು ಸ್ಪೇಡ್ ಇದ್ದವು, ಆರು-ಎಂಟು-ಒಂಬತ್ತು ಇದ್ದವು. ಫ್ಲಶ್ ಆದವರೂ, ಸ್ಟ್ರೈಟ್ ಆದವರೂ ಅಲ್ಲಿ ಹಾಗೆಯೇ ರೈಸ್ ಮಾಡುತ್ತಾರೆ. ರಿವರ್‌ನ ಆಲ್-ಇನ್ ಹೇಳಿದ್ದು ಟರ್ನ್‌ನಲ್ಲೇ ಶುರುವಾದ ಅದೇ ಕಥೆಯನ್ನು. ಜೊತೆಗೆ ಆ ರೈಸ್ ಮಾಡುವಾಗ ಅವರ ಕೈ ಪೂರ್ತಿ ಖಾಲಿ ಇರಲಿಲ್ಲ. ಇನ್ನೊಂದು ಸ್ಪೇಡ್ ಬಂದರೆ ಫ್ಲಶ್, ಹತ್ತೋ ಐದೋ ಬಂದರೆ ಸ್ಟ್ರೈಟ್. ಎರಡು ದಾರಿ ಇಟ್ಟುಕೊಂಡೇ ಚಿಪ್ ತಳ್ಳಿದ್ದರು.

ಫರ್ಹಾ ಕಡೆಯಿಂದಲೂ ನೋಡಬೇಕು. ಕೊನೆಯ ಪಣ ಪಾಟ್‌ಗಿಂತ ದೊಡ್ಡದು, ಅದರ ಎರಡು ಪಟ್ಟಿಗಿಂತ ಚಿಕ್ಕದು. ಅಂಥ ಪಣಕ್ಕೆ ಕಾಲ್ ಮಾಡಲು ನೂರಕ್ಕೆ 33ರಿಂದ 40 ಸಲ ಗೆದ್ದರೆ ಸಾಕು. ಸ್ಪೇಡ್ ರಾಣಿ ಅವರ ಕೈಯಲ್ಲೇ ಇತ್ತು, ಅಂದರೆ ಎದುರಾಳಿಗೆ ಫ್ಲಶ್ ಇರುವ ಸಾಧ್ಯತೆ ಅಷ್ಟು ಕಡಿಮೆ. ಇನ್ನೊಂದು ವಿಷಯ. ಇಬ್ಬರೇ ಉಳಿದಾಗ ನಾನು ಮೊದಲು ಹೇಳಿದ ಐಸಿಎಂ ಭಾರವೂ ಇರುವುದಿಲ್ಲ. ಎರಡನೆಯ ಬಹುಮಾನ 13 ಲಕ್ಷ ಡಾಲರ್ ಇಬ್ಬರಿಗೂ ಖಾತ್ರಿಯಾಗಿತ್ತು. ಉಳಿದ 12 ಲಕ್ಷಕ್ಕೆ ಚಿಪ್ ಎಷ್ಟೋ ಬೆಲೆ ಅಷ್ಟೇ. ಲೆಕ್ಕದ ಪ್ರಕಾರ ಕಾಲ್ ಮಾಡಬಹುದಿತ್ತು. ಆದರೂ ಅಂಥ ಆಟಗಾರರೇ ಬಿಟ್ಟರು. ಒಂದು ಜೋಡಿ ಹಿಡಿದುಕೊಂಡು ಇಡೀ ಟೂರ್ನಮೆಂಟ್ ಪಣಕ್ಕಿಡುವುದು ಅಷ್ಟು ಕಷ್ಟ. ಆ ಕಷ್ಟವನ್ನು ಎದುರಾಳಿಗೆ ದಾಟಿಸಿದ್ದೇ ಮನಿಮೇಕರ್ ಆಟದ ಹೆಚ್ಚುಗಾರಿಕೆ. ಅವರು ಟೂರ್ನಮೆಂಟ್ ಗೆದ್ದು 25 ಲಕ್ಷ ಡಾಲರ್ ಪಡೆದರು. ಮರುವರ್ಷ ಅದೇ ಟೂರ್ನಮೆಂಟಿಗೆ 2,576 ಜನ ಬಂದರು.

ಈಗ ಬಬಲ್ ವಿಷಯ. ಇನ್ನೊಬ್ಬರು ಹೊರಬಿದ್ದರೆ ಉಳಿದವರಿಗೆಲ್ಲ ಬಹುಮಾನ ಎಂಬ ಹಂತಕ್ಕೆ ಬಬಲ್ ಎನ್ನುತ್ತಾರೆ. 2023ರಲ್ಲಿ ಅದೇ ಮುಖ್ಯ ಟೂರ್ನಮೆಂಟಿಗೆ 10,043 ಜನ ಬಂದರು. ಬಹುಮಾನ 1,507 ಜನಕ್ಕೆ, ಕನಿಷ್ಠ 15 ಸಾವಿರ ಡಾಲರ್. 1,508ನೆಯವರಾಗಿ ಹೊರಬಿದ್ದರೆ ಸಾಮಾನ್ಯ ಲೆಕ್ಕದಲ್ಲಿ ಬರಿಗೈ. ಇಲ್ಲಿ ಯಾರ ಮೇಲೆ ಬೆಟ್ ಇಡಬೇಕು? ಚಿಪ್ ಕಡಿಮೆ ಇರುವವರ ಮೇಲೆ ಅಂತ ಮೊದಲು ಅನಿಸುತ್ತದೆ. ಅವರಿಗೆ ಕಳೆದುಕೊಳ್ಳಲು ಹೆಚ್ಚೇನೂ ಇಲ್ಲ, ಹಾಗಾಗಿ ಕಾಲ್ ಮಾಡುತ್ತಾರೆ. ಹೆಚ್ಚು ಹೆದರುವವರು ನಡುವಿನವರು. ಸುಮ್ನೆ ಕೂತರೆ ಬಹುಮಾನ ಖಾತ್ರಿ, ನಿಮಗೆ ಕಾಲ್ ಮಾಡಿ ಸೋತರೆ ಸೊನ್ನೆ. ನಿಮ್ಮ ಹತ್ತಿರ ಚಿಪ್ ಜಾಸ್ತಿ ಇದ್ದರೆ ಅವರ ಬ್ಲೈಂಡ್‌ಗಳ ಮೇಲೆ ಮತ್ತೆ ಮತ್ತೆ ರೈಸ್ ಮಾಡಿ. ನಿಮ್ಮಷ್ಟೇ ಚಿಪ್ ಇರುವ ಇನ್ನೊಬ್ಬರಿಂದ ದೂರವಿರಿ.

ಇದರ ಕೊನೆಯ ಅಂಚು ಸ್ಯಾಟಲೈಟ್ ಟೂರ್ನಮೆಂಟ್. ಮನಿಮೇಕರ್ ಬಂದದ್ದು ಅಂಥದ್ದರಿಂದಲೇ. ಅಲ್ಲಿ ಬಹುಮಾನ ದುಡ್ಡಲ್ಲ, ದೊಡ್ಡ ಟೂರ್ನಮೆಂಟಿನ ಸೀಟು. ಹತ್ತು ಸೀಟು ಅಂದರೆ ಮೊದಲನೆಯವರಿಗೂ ಹತ್ತನೆಯವರಿಗೂ ಒಂದೇ. ಹನ್ನೊಂದು ಜನ ಉಳಿದಿದ್ದಾರೆ, ನಿಮ್ಮ ಚಿಪ್ ಧಾರಾಳ ಇದೆ. ನಿಮ್ಮಷ್ಟೇ ಚಿಪ್ ಇರುವವರು ಆಲ್-ಇನ್ ಹೋದರು. ನಿಮ್ಮ ಕೈಯಲ್ಲಿ ಎಕ್ಕದ ಜೋಡಿ. ಆಟದಲ್ಲಿ ಅದಕ್ಕಿಂತ ದೊಡ್ಡ ಎರಡು ಎಲೆ ಇಲ್ಲ. ಆದರೂ ಬಿಡಬೇಕು. ಯಾವುದೇ ಎರಡು ಎಲೆಯ ಎದುರು ಎಕ್ಕದ ಜೋಡಿ ಗೆಲ್ಲುವುದು ನೂರಕ್ಕೆ 85 ಸಲ. ಸುಮ್ನೆ ಕೂತರೆ ಸೀಟು ಸಿಗುವ ಸಾಧ್ಯತೆ ಅದಕ್ಕಿಂತ ಜಾಸ್ತಿ. ಆದರೆ ನೀವೇ ಮೊದಲು ಆಲ್-ಇನ್ ಹೋಗಿದ್ದರೆ, ಎಕ್ಕದ ಜೋಡಿ ಬಿಡಬೇಕಾದವರು ಎದುರಿಗೆ ಕೂತವರು.

ಚಿಪ್ ತುಂಬಾ ಕಡಿಮೆ ಆದಾಗ ಏನು ಮಾಡಬೇಕು? ಹತ್ತು ಬಿಗ್ ಬ್ಲೈಂಡ್‌ನಷ್ಟು ಉಳಿದರೆ ನನ್ನ ಉತ್ತರ ಒಂದೇ: ಆಲ್-ಇನ್ ಹೋಗಿ ಅಥವಾ ಎಲೆ ಬಿಡಿ. ಚಿಕ್ಕ ರೈಸ್ ಮಾಡಿ ಆಮೇಲೆ ಬಿಡುವಷ್ಟು ಚಿಪ್ ನಿಮ್ಮ ಹತ್ತಿರ ಇಲ್ಲ. ಇಬ್ಬರೇ ಆಡುವಾಗ, ಇಬ್ಬರಿಗೂ ಹತ್ತತ್ತು ಬಿಗ್ ಬ್ಲೈಂಡ್ ಇದ್ದಾಗ, ತಪ್ಪಿಲ್ಲದ ಆಟ ಹೇಗಿರಬೇಕು ಎಂದು ಕಂಪ್ಯೂಟರ್ ಲೆಕ್ಕ ಹಾಕಿದೆ. ಸ್ಮಾಲ್ ಬ್ಲೈಂಡ್‌ನವರು ನೂರಕ್ಕೆ ಸುಮಾರು 58 ಕೈಗಳಿಗೆ ಆಲ್-ಇನ್ ಹೋಗಬೇಕು. ಬಿಗ್ ಬ್ಲೈಂಡ್‌ನವರು ಸುಮಾರು 37 ಕೈಗಳಿಗೆ ಮಾತ್ರ ಕಾಲ್ ಮಾಡಬೇಕು. ತಳ್ಳುವುದಕ್ಕೂ ಕಾಲ್ ಮಾಡುವುದಕ್ಕೂ ನಡುವೆ ಅಷ್ಟು ಅಂತರ. ಬಹುಮಾನದ ಹಂತ ಹತ್ತಿರ ಬಂದು, ಇನ್ನೂ ನಾಲ್ಕಾರು ಜನ ಆಟದಲ್ಲಿದ್ದರೆ, ಕಾಲ್ ಮಾಡುವವರ ಪಟ್ಟಿ ಇನ್ನೂ ಕುಗ್ಗುತ್ತದೆ.

ಕಂಪ್ಯೂಟರ್ ಅಂದಾಗ ಲಿಬ್ರಾಟಸ್ ಬಗ್ಗೆ ಹೇಳಲೇಬೇಕು. 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಈ ಪ್ರೋಗ್ರಾಂ ನಾಲ್ವರು ವೃತ್ತಿಪರರ ಎದುರು 1,20,000 ಕೈ ಆಡಿ ಗೆದ್ದಿತು. ಅದನ್ನು ಬರೆದವರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಟುಮಾಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್. ಪಾಟ್‌ಗಿಂತ ಎಷ್ಟೋ ಪಟ್ಟು ದೊಡ್ಡ ಬೆಟ್ ಇಟ್ಟು ಅದು ಎದುರಾಳಿಗಳನ್ನು ಯೋಚನೆಗೆ ತಳ್ಳುತ್ತಿತ್ತು. ಅದನ್ನು ನೋಡಿ ಟೂರ್ನಮೆಂಟಿನಲ್ಲಿ ಹಾಗೇ ಆಡಲು ಹೋಗಬೇಡಿ. ಲಿಬ್ರಾಟಸ್ ಆಡಿದ ಕಡೆ ಪ್ರತಿ ಕೈಗೂ ಇಬ್ಬರ ಚಿಪ್ ಹೊಸದಾಗಿ ಸಮ ಮಾಡಲಾಗುತ್ತಿತ್ತು. ಹೊರಬೀಳುವ ಭಯ ಯಾರಿಗೂ ಇರಲಿಲ್ಲ.

ದುಡ್ಡಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಕರ್ನಾಟಕ 2021ರಲ್ಲಿ ತಂದ ಆನ್‌ಲೈನ್ ಆಟಗಳ ನಿಷೇಧವನ್ನು ನಮ್ಮ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತ್ತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿದೆ. ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದ ಅದರಲ್ಲಿಲ್ಲ. ಅಡ್ಡದಾರಿ ಹುಡುಕಬೇಡಿ. ನಾನು ಹೇಳಿದ 2023ರ ಅಂಕಿಯನ್ನೇ ನೋಡಿ. ನೂರಕ್ಕೆ 85 ಜನ ಕಟ್ಟಿದ ಹಣ ಕಳೆದುಕೊಂಡು ಮನೆಗೆ ಹೋದರು. ಎಷ್ಟು ಚೆನ್ನಾಗಿ ಆಡಿದರೂ ಒಂದು ಟೂರ್ನಮೆಂಟಿನಲ್ಲಿ ಅದೃಷ್ಟದ ಪಾಲು ದೊಡ್ಡದು. ಈ ಲೆಕ್ಕಗಳನ್ನು ಕಲಿಯಲು ದುಡ್ಡು ಬೇಡ. ಮನೆಯಲ್ಲಿ ಹುಣಸೆ ಬೀಜ ಇಟ್ಟುಕೊಂಡು ಆಡಿದರೂ ಐಸಿಎಂ ಅಷ್ಟೇ ನಿಜ.

ಕೊನೆಗೆ ಸಭೆಯಿಂದ ಒಬ್ಬ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಹೇಳಿ ಮುಗಿಸುತ್ತೇನೆ. "ಹಾಗಾದ್ರೆ ಕಾಲ್ ಮಾಡ್ಲೇಬಾರದಾ ಸಾರ್?" ಮಾಡಬೇಕಮ್ಮ, ಬೆಲೆ ಅಗ್ಗ ಇದ್ದಾಗ ಖಂಡಿತ ಮಾಡಬೇಕು. ಬ್ಲೈಂಡ್ 500 ಮತ್ತು 1,000 ಅನ್ನಿ. ನೀವು ಬಿಗ್ ಬ್ಲೈಂಡ್. ನಿಮ್ಮ 1,000 ಆಗಲೇ ಪಾಟ್‌ನಲ್ಲಿದೆ. ಬ್ಲೈಂಡ್ ಅಲ್ಲದೆ ಆ್ಯಂಟೆ ಎಂಬ ಇನ್ನೊಂದು ಕಡ್ಡಾಯ ಪಣವಿದೆ, ಮೇಜಿನ ಎಲ್ಲರ ಪರವಾಗಿ ನೀವು ಕಟ್ಟಿದ ಆ 1,000 ಕೂಡ ಅಲ್ಲಿದೆ. ಚಿಪ್ ಮುಗಿಯುತ್ತಾ ಬಂದವರೊಬ್ಬರು ಉಳಿದ 2,000 ತಳ್ಳಿ ಆಲ್-ಇನ್ ಎಂದರು. ಬೇರೆಯವರೆಲ್ಲ ಬಿಟ್ಟರು. ಪಾಟ್‌ನಲ್ಲಿ ಈಗ 4,500. ನೀವು ಹಾಕಬೇಕಾದದ್ದು ಇನ್ನು 1,000 ಮಾತ್ರ. ನೂರಕ್ಕೆ 19 ಸಲ ಗೆದ್ದರೂ ಲಾಭ. ಕೈಯಲ್ಲಿ ಏಳು ಮತ್ತು ಎರಡು ಇದ್ದರೂ, ಎದುರಿಗೆ ಎಕ್ಕ-ರಾಜವೇ ಇದ್ದರೂ, ನೀವು ಮೂರರಲ್ಲಿ ಒಂದು ಸಲ ಗೆಲ್ಲುತ್ತೀರಿ. ನಿಮ್ಮ ಹತ್ತಿರ 40 ಸಾವಿರ ಇದ್ದರೆ ಆ 1,000 ಹೋದರೂ ನಿಮ್ಮ ಸ್ಥಾನ ಅಲುಗಾಡುವುದಿಲ್ಲ. ಅಂಥ ಕಡೆ ಎಲೆ ನೋಡುವ ಮೊದಲೇ ಕಾಲ್ ಎಂದು ತೀರ್ಮಾನ ಮಾಡಿಟ್ಟುಕೊಳ್ಳಿ.